ಕೊಳಗದ ಲೆಕ್ಕ

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲೆಂದು ಕರೆಯುವ ವಾಡಿಕೆಯಿಂದ ಆ ಊರಿಗೆ ಬಹುಕಾಲದಿಂದ ಅನ್ಯಾಯವಾಗುತ್ತ ಬಂದಿದೆ. ಬಾಗಿಲೆಂದ ಮೇಲೆ ಅಲ್ಲಿ ನಿಲ್ಲುವವರು ಯಾರು? ರಾತ್ರಿಯ ಬಸ್ಸಿನಲ್ಲಿ ಬಂದಿಳಿದ ಪ್ರವಾಸಿಗರು ಮುಖ ತೊಳೆದು, ಕಾಫಿ ಕುಡಿದು, ಜೋಗಕ್ಕೋ ಆಗುಂಬೆಗೋ ಸಕ್ರೆಬೈಲಿನ ಆನೆ ಬಿಡಾರಕ್ಕೋ ಧಾವಿಸುವರು. ಕರ್ನಾಟಕದ ರೈತನು ಆಳುವವರ ಎದುರು ತಲೆಯೆತ್ತಿ ಮಾತನಾಡಲು ಕಲಿತ ನೆಲವೊಂದರ ನಟ್ಟನಡುವೆ ತಾವು ಆ ಕಾಫಿಯನ್ನು ಕುಡಿದೆವೆಂಬುದನ್ನು ಅವರಿಗೆ ತಿಳಿಸಿಹೇಳುವವರಿಲ್ಲ. ಈ ಸಂಕಟವೇ ನನ್ನನ್ನು ಈ ಸಲ ಹೊರಡಿಸಿದುದು. ಎಲ್ಲರೂ ಬರುವ ದಾರಿಯನ್ನು ಬಿಟ್ಟು, ಆಂಗ್ಲರ ಸೈನ್ಯವು ಹಿಂದೊಮ್ಮೆ ಈ ಊರಿನ ಕಡೆಗೆ ನಡೆದ ದಾರಿಯಲ್ಲಿ, ಎಂದರೆ ಹೊಳೆಹೊನ್ನೂರಿನ ಮೇಲೆ, ಶಿವಮೊಗ್ಗವನ್ನು ಪ್ರವೇಶಿಸಬೇಕೆಂದು ನಿಶ್ಚಯಿಸಿದೆನು.

ಹೊಳೆಹೊನ್ನೂರು ಭದ್ರಾ ನದಿಯ ಬಲದಂಡೆಯ ಊರು. ತುಂಗೆಯೂ ಭದ್ರೆಯೂ ಒಂದಾಗುವ ಕೂಡಲಿ ಇಲ್ಲಿಗೆ ಸಮೀಪ. 1791ರ ಡಿಸೆಂಬರಿನಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು, ಅದರೊಡನೆ ಕ್ಯಾಪ್ಟನ್ ಲಿಟಲ್ ಎಂಬಾತನ ಕೈಕೆಳಗಿನ ಕುಂಪಣಿಯ ತುಕಡಿ, ಟಿಪ್ಪು ಸುಲ್ತಾನನ ವಶದಲ್ಲಿದ್ದ ಇಲ್ಲಿಯ ಕೋಟೆಯನ್ನು ಹಿಡಿದು, ಹೊಳೆ ದಾಟಿ, ಅದೇ ತಿಂಗಳ 29ರಂದು ತುಂಗೆಯ ತೀರದಲ್ಲಿ ಕಾದಾಡಿತು. ಹೊಸ ವರ್ಷದ ಮೊದಲ ದಿನಗಳಲ್ಲಿ ಶಿವಮೊಗ್ಗದ ಕೋಟೆ ಅದಕ್ಕೆ ಶರಣಾಯಿತು. ಆ ಕಾಳಗದಲ್ಲಿ ಗಾಯಗೊಂಡ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿಯು ಆ ದಂಡಯಾತ್ರೆಯ ವೃತ್ತಾಂತವನ್ನು ಪುಸ್ತಕವಾಗಿ ಬರೆದನು. ಮುಂದೆ 1810ರಲ್ಲಿ ಹಿಂದೂ ದೇವತೆಗಳ ವಿಷಯವಾಗಿ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದವನೂ ಈತನೇ. ಊರಿನಲ್ಲಿ ಕೋಟೆಯೆಲ್ಲಿ ಎಂದು ವಿಚಾರಿಸಿದಾಗ ಹುಡುಗನೊಬ್ಬನು ಸತ್ಯಧರ್ಮ ತೀರ್ಥರ ಬೃಂದಾವನದ ಕಡೆಗೆ ಕೈ ತೋರಿಸಿದನು. ಹೊರ ಊರಿನವರು ಇಲ್ಲಿ ಕೇಳುವುದು ಅದೊಂದನ್ನೇ ಆಗಿರಬೇಕು. ಹೋಗಿ ಕೈಮುಗಿದು ಬಂದೆ. ಉತ್ತರಾದಿ ಮಠದ ಆ ಯತಿಗಳು ಬೃಂದಾವನಸ್ಥರಾದುದು 1830ರಲ್ಲಿ. ಶಿವಮೊಗ್ಗವನ್ನೂ ಒಳಗೊಂಡ ನಗರ ಸೀಮೆಯ ರೈತರು ಊರೂರಿನಲ್ಲಿ ಕೂಟ ಸೇರಿ, ಕಂದಾಯ ಕೊಡೆವೆಂದು ಹಠ ಹಿಡಿದ ವರ್ಷವೂ ಅದೇ ಎಂಬುದು ಅಲ್ಲಿ ನಿಂತಾಗ ನೆನಪಾಯಿತು.

ಆ ಹಠದಿಂದ ಏನಾಯಿತೆಂಬುದನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗಲಾರೆ. ಕೆಳದಿಯ ಶಿವಪ್ಪನಾಯಕನು ನೆಲವನ್ನು ಅಳೆದು, ಮಣ್ಣಿನ ಗುಣವನ್ನು ನೋಡಿ, ಇಷ್ಟು ಬೆಳೆಗೆ ಇಷ್ಟು ತೆರಿಗೆಯೆಂದು ಗೊತ್ತುಮಾಡಿದ ಶಿಸ್ತು ಈ ಸೀಮೆಯ ಜನರ ಮನಸ್ಸಿನಲ್ಲಿ ನ್ಯಾಯದ ಅಳತೆಗೋಲಾಗಿ ನಿಂತುಬಿಟ್ಟಿತ್ತು. ತರುವಾಯದ ಫೌಜುದಾರರೂ ಶರ್ತಿನ ಗುತ್ತಿಗೆದಾರರೂ ಆ ಅಳತೆಯನ್ನು ಮೀರಿ ವಸೂಲಿಗಿಳಿದಾಗ ಜನ ಮೊದಲು ಅರ್ಜಿ ಕೊಟ್ಟರು, ಬಳಿಕ ಕೂಟ ಕಟ್ಟಿದರು, ಕಡೆಗೆ ಬೂದಿ ಬಸಪ್ಪನೆಂಬವನನ್ನು ನಗರದ ನಾಯಕನೆಂದು ಮುಂದಿಟ್ಟುಕೊಂಡು ಬಂಡೆದ್ದರು. ಕುಂಪಣಿಯು ಒಂದು ಕೈಯಿಂದ ಆ ಬಂಡಾಯವನ್ನು ಅಡಗಿಸಿ, ಇನ್ನೊಂದು ಕೈಯಿಂದ ಅದನ್ನೇ ನೆಪಮಾಡಿಕೊಂಡು, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಸಿದುಕೊಂಡಿತು. ಐವತ್ತು ವರ್ಷ, ಎಂದರೆ 1881ರವರೆಗೆ, ಮೈಸೂರನ್ನು ಕಮಿಷನರುಗಳು ಆಳಿದರು. ಶಿವಮೊಗ್ಗವು ಕಚೇರಿ, ಕೋರ್ಟು, ಖಜಾನೆಗಳ ಊರಾಗಿ ಬೆಳೆದುದು ಆ ಕಾಲದಲ್ಲಿ. ಶಿವಮೊಗ್ಗವನ್ನು ಬ್ರಿಟಿಷರು ಕಟ್ಟಿದರೆಂದು ಹೇಳುವವರು ಅರ್ಧ ಮಾತನ್ನು ಮಾತ್ರ ಹೇಳುತ್ತಾರೆ. ಅವರನ್ನು ಇಲ್ಲಿಗೆ ಕರೆತಂದುದು ಗದ್ದೆಯ ದೂರು, ಮತ್ತು ಆ ದೂರು ಅವರು ಹೋದ ಮೇಲೂ ಮುಗಿಯಲಿಲ್ಲ.

ಹೊಳೆಹೊನ್ನೂರಿನ ಬಸ್ ನಿಲ್ದಾಣದ ಎದುರಿನ ಸಣ್ಣ ಹೋಟೆಲೊಂದರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡು ಕುಳಿತೆನು. ಈರುಳ್ಳಿ ಹೆಚ್ಚಿ ಹಾಕಿ, ಹುರಿಗಡಲೆ ಪುಡಿ ಉದುರಿಸಿ, ಕಾಗದದ ಮೇಲೆ ಗುಡ್ಡೆಹಾಕಿ ಕೊಟ್ಟ ಮಂಡಕ್ಕಿ ಇನ್ನೂ ಗರಿಗರಿಯಾಗಿತ್ತು. ಬಾಣಲೆಯಿಂದ ಆಗತಾನೆ ಎತ್ತಿದ ಬಜ್ಜಿಯ ಹಿಟ್ಟಿನಲ್ಲಿ ಓಮದ ವಾಸನೆ. ಹೆದ್ದಾರಿಯ ಪಕ್ಕದ ಗಾಜಿನ ಹೋಟೆಲುಗಳಲ್ಲಿ ಇದರ ಹಲವು ಪಟ್ಟು ಹಣ ತೆತ್ತು ಇದರ ಅರ್ಧ ರುಚಿಯನ್ನೂ ಕಾಣದೆ ಎದ್ದು ಬಂದುದನ್ನು ನೆನೆದರೆ ಈಗಲೂ ಕೋಪ ಬರುತ್ತದೆ. ಎದುರಿಗೆ ಕುಳಿತಿದ್ದ ವೃದ್ಧರೊಬ್ಬರು, ನಾನು ಕೋಟೆಯನ್ನು ವಿಚಾರಿಸುತ್ತಿದ್ದುದನ್ನು ಕೇಳಿಸಿಕೊಂಡಿದ್ದವರು, "ಏನು ಸ್ವಾಮಿ, ಸರ್ವೇದವರೋ?" ಎಂದರು. ಅಲ್ಲವೆಂದು ಹೇಳಿ ಬಂದ ಉದ್ದೇಶವನ್ನು ತಿಳಿಸಿದೆ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಲ್ಲಿ ಮಗಳ ಮನೆಗೆ ಬಂದು ಹಿಂದಿರುಗುತ್ತಿದ್ದರು.

ನಾನು ರೈತರ ಕೂಟದ ಕಥೆಯನ್ನು ಉತ್ಸಾಹದಿಂದ ಹೇಳಿ ಮುಗಿಸುವವರೆಗೂ ಸುಮ್ಮನಿದ್ದು, ಅವರು ಕೇಳಿದರು: "ಕೂಟ ಕಟ್ಟಿದವರಿಗೆ ಹೊಲ ಇತ್ತಲ್ಲ ಸ್ವಾಮಿ? ನಮ್ಮಪ್ಪನಿಗೆ ಹೊಲವೇ ಇರಲಿಲ್ಲ. ಹೊನ್ನಾಳಿ ಕಡೆಯ ಹಳ್ಳಿಯಲ್ಲಿ ಗೌಡರ ಮನೆ ಜೀತ. ಹೊತ್ತು ಹುಟ್ಟೋಕೆ ಮುಂಚೆ ಹೋಗೋದು, ಅವರು ಸಾಕು ಅಂದಾಗ ಬರೋದು. ಭದ್ರಾವತಿಗೆ ಬಂದ ಮೇಲೆ ಅವನು ಮೊದಲು ಕಂಡಿದ್ದು ಸೈರನ್ನು. ಸೈರನ್ ಆಯ್ತು ಅಂದರೆ ಕೆಲಸ ಮುಗೀತು, ಯಾರ ಅಪ್ಪಣೆಯೂ ಬೇಕಿಲ್ಲ. ಅವನಿಗೆ ಸ್ವಾತಂತ್ರ್ಯ ಅಂದರೆ ಅದೇ."

ಇದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. "ಯಜಮಾನರೇ, ನೀವು ಹೇಳಿದ್ದು ನನ್ನ ಕಥೆಗಿಂತ ದೊಡ್ಡದು" ಎಂದೆ. ಅವರು ಅದನ್ನು ಉಪಚಾರದ ಮಾತೆಂದು ತಿಳಿದರೋ ಏನೋ, ಬಜ್ಜಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ತಗೊಳ್ಳಿ, ಆರಿದರೆ ಚೆನ್ನಾಗಿರೋದಿಲ್ಲ" ಎಂದರು. ನೇರವಾಗಿ ಶಿವಮೊಗ್ಗಕ್ಕೆ ಹೋಗುವ ಯೋಚನೆಯನ್ನು ಬಿಟ್ಟೆ; ಭದ್ರಾವತಿಯ ಬಸ್ಸನ್ನು ಇಬ್ಬರೂ ಒಟ್ಟಿಗೆ ಹತ್ತಿದೆವು.

ದಾರಿಯುದ್ದಕ್ಕೂ ಅಡಿಕೆಯ ತೋಟಗಳು, ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳು. ಭದ್ರಾವತಿಗೆ ಬೆಂಕಿಪುರವೆಂಬ ಹೆಸರಿದ್ದ ಕಾಲದಲ್ಲಿ ಅದು ಹೊಳೆಯ ದಡದ ಚಿಕ್ಕ ಊರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1918ರಲ್ಲಿ ಕಾರ್ಖಾನೆಯ ಕಾರ್ಯ ಮೊದಲಾಗಿ, 1923ರಲ್ಲಿ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ಪರಾಧೀನ ದೇಶದ ಒಂದು ಸಂಸ್ಥಾನವು ತನ್ನ ಸ್ವಂತ ಹಣದಿಂದ ಇಂತಹ ಸಾಹಸಕ್ಕೆ ಕೈಹಾಕಿದುದು ಸಾಮಾನ್ಯವಲ್ಲ. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕನ್ನಡಿಗರೊಡನೆ ತಮಿಳರೂ ತೆಲುಗರೂ ಬಂದು ನೆಲೆಸಿದರು. ನನ್ನ ಸಹಪ್ರಯಾಣಿಕರು ಹೇಳಿದಂತೆ, ಕ್ವಾರ್ಟರ್ಸನ್ನು ಕೊಡುವಾಗ ಹುದ್ದೆಯ ದರ್ಜೆಯನ್ನು ನೋಡುತ್ತಿದ್ದರಾದುದರಿಂದ, ಹಳ್ಳಿಯಲ್ಲಿ ಒಂದೇ ಬಾವಿಯ ನೀರನ್ನು ಸೇದಲಾಗದಿದ್ದವರು ಇಲ್ಲಿ ಒಂದೇ ಗೋಡೆಯ ಆಚೀಚೆ ಬಾಳಬೇಕಾಯಿತು, ಬಾಳಿದರು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯು ರೂಪು ತಳೆದುದು ಈ ಊರಿನಲ್ಲಿ, ಇಲ್ಲಿಯ ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದ ಪ್ರೊಫೆಸರ್ ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ ಎಂಬುದನ್ನು ಆಕಸ್ಮಿಕವೆಂದು ನಾನು ಎಣಿಸಲಾರೆ.

ನಾವು ಇಳಿದಾಗ ಕಾರ್ಖಾನೆಯ ಗೇಟಿನ ಬಳಿ ಜನಸಂಚಾರ ವಿರಳವಾಗಿತ್ತು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ನಷ್ಟದ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಉಕ್ಕು ಎಷ್ಟು ಟನ್ನು ಬಂದಿತೆಂಬುದನ್ನು ಮಾತ್ರ ಬರೆದು, ಜೀತದಾಳಿನ ಮಗ ಪಿಂಚಣಿದಾರನಾದುದನ್ನು ಬರೆಯದ ಲೆಕ್ಕಪುಸ್ತಕವನ್ನು ಪೂರ್ಣವೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ವೃದ್ಧರು ಗೇಟಿನ ಕಡೆಗೆ ನೋಡಲೂ ಇಲ್ಲ. ಬ್ಯಾಂಕು ಮುಚ್ಚುವುದರೊಳಗೆ ಹೋಗಬೇಕೆಂದು ಆಟೋ ಹತ್ತಿದರು.

ಶಿವಮೊಗ್ಗದಲ್ಲಿ ಕಳೆದ ದಿನಗಳ ದಿನಚರಿಯಿಂದ ಓದುಗರಿಗೆ ಪ್ರಯೋಜನವಿಲ್ಲ. ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ ತಿರುಗಿದೆ, ದುರ್ಗಿಗುಡಿಯಲ್ಲಿ ದೋಸೆ ತಿಂದೆ, 1930ರಿಂದ ಸಾಹಿತ್ಯದ ಕೆಲಸ ಮಾಡುತ್ತ ಬಂದಿರುವ ಕರ್ನಾಟಕ ಸಂಘಕ್ಕೆ ಹೋಗಿಬಂದೆ. ಎಲ್ಲಿ ಹೋದರೂ ನನ್ನ ಯೋಚನೆ ಈ ನಗರದಿಂದ ಹೊರಕ್ಕೆ, ಅದಕ್ಕೆ ರಾಜಕೀಯವನ್ನು ಕಲಿಸಿದ ಹಳ್ಳಿಗಳ ಕಡೆಗೇ ಓಡುತ್ತಿತ್ತು. 1942ರಲ್ಲಿ ಶಿಕಾರಿಪುರದ ಈಸೂರು ತಾನು ಸ್ವತಂತ್ರವೆಂದು ಸಾರಿತು. ಆ ಪ್ರಕರಣದಲ್ಲಿ ಐವರು ಮರುವರ್ಷ ಗಲ್ಲಿಗೇರಿದರು, ಹೆಂಗಸರೂ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗುವುದರೊಳಗೆ, 1951ರಲ್ಲಿ, ಸಾಗರದ ಕಾಗೋಡಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಧಣಿಗಳ ಎದುರು ನಿಂತರು. ವಿವಾದ ಮೊಳೆತುದು ಕೊಳಗದಿಂದ. ಭತ್ತದ ಗೇಣಿಯನ್ನು ಅಳೆಯುವ ಧಣಿಯ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದು. ಕಣದಲ್ಲಿ ಒಬ್ಬನು ಬಗ್ಗಿ ತುಂಬುವನು, ಇನ್ನೊಬ್ಬನು ಎಣಿಸುವನು. ಎಣಿಕೆಯಲ್ಲಿ ಒಂದೂ ತಪ್ಪಿಲ್ಲ, ಆದರೂ ಕೊಳಗಕೊಳಗಕ್ಕೂ ರೈತನ ಮನೆಯ ಊಟ ಧಣಿಯ ಕಣಜಕ್ಕೆ ಜಾರುತ್ತಿತ್ತು. ಅನ್ಯಾಯವು ಪಾತ್ರೆಯ ಹೊಟ್ಟೆಯೊಳಗೆ ಅಡಗಿದೆಯೆಂದು ಅಕ್ಷರ ಬಾರದ ಜನ ಗುರುತಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಚಳವಳಿಯಲ್ಲಿ ದುಡಿದ ಶಾಂತವೇರಿ ಗೋಪಾಲಗೌಡರನ್ನು ಮರುವರ್ಷವೇ ಜನ ವಿಧಾನಸಭೆಗೆ ಕಳುಹಿಸಿದರು. ಉಳುವವನಿಗೆ ಹೊಲವೆಂಬ ಮಾತು ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ನಿಜವಾದ ಕಾನೂನಿನ ಬಲ ಪಡೆಯಿತು. ಆ ಕಾಗೋಡಿನಲ್ಲೇ ಹುಟ್ಟಿದ ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಅಧ್ಯಕ್ಷರೂ ಕಂದಾಯ ಮಂತ್ರಿಗಳೂ ಆದರು.

ಇಂತಹ ವಂಶಾವಳಿಯುಳ್ಳ ನಗರವು 2022ರ ಆಗಸ್ಟಿನಲ್ಲಿ, ವೃತ್ತವೊಂದರಲ್ಲಿ ಕಟ್ಟಿದ ಭಾವಚಿತ್ರದ ಫಲಕದ ನಿಮಿತ್ತ ಕೋಮುಜಗಳವೆದ್ದು, ನಿಷೇಧಾಜ್ಞೆಯೊಳಗೆ ಬಾಗಿಲು ಹಾಕಿಕೊಂಡು ಕುಳಿತಿತು. ಆ ವೃತ್ತದ ಬಳಿ ನಿಂತಾಗ ನನಗೆ ಸಂಕಟವಾಯಿತು. ಕಂದಾಯ, ಗೇಣಿ, ಕೂಲಿ, ಬಾವಿ ಇವುಗಳ ಮೇಲಿನ ಜಗಳದಲ್ಲಿ ಸೋತವನಿಗೂ ಏನಾದರೂ ದಕ್ಕುತ್ತಿತ್ತು. ಈ ಜಗಳದಲ್ಲಿ ಗೆದ್ದವನ ಮಕ್ಕಳಿಗೂ ಕೆಲಸ ದೊರೆಯುವುದಿಲ್ಲ, ಮುಚ್ಚಿದ ಕಾರ್ಖಾನೆ ತೆರೆಯುವುದಿಲ್ಲ.

ಹೊರಡುವ ಮುನ್ನ ತುಂಗೆಯ ದಡದ ಶಿವಪ್ಪನಾಯಕನ ಅರಮನೆಗೆ ಹೋದೆ. ಅಂಗಳದಲ್ಲಿ ವೀರಗಲ್ಲುಗಳೂ ಭಗ್ನ ಶಿಲ್ಪಗಳೂ ಸಾಲಾಗಿ ನಿಂತಿವೆ. ಶಿಸ್ತಿನ ಕರ್ತೃವಿನ ಹೆಸರುಳ್ಳ ಈ ಮನೆಯಲ್ಲಿ, ವೀರಗಲ್ಲುಗಳ ನೆರೆಯಲ್ಲೇ, ಧಣಿಯದೊಂದು, ರೂಢಿಯದೊಂದು, ಎರಡು ಕೊಳಗಗಳನ್ನು ಇಡಬೇಕು. ಬಂದ ಶಾಲೆಯ ಮಕ್ಕಳು ಎರಡರಲ್ಲಿಯೂ ಭತ್ತವನ್ನು ತುಂಬಿ ಅಳೆದು ನೋಡಬೇಕು. ಇದನ್ನು ಅಲ್ಲಿದ್ದ ಸಿಬ್ಬಂದಿಯವರಿಗೆ ಹೇಳಿದಾಗ ಅವರು ನಗಲಿಲ್ಲ. ತಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಕೊಳಗವೊಂದು ಇನ್ನೂ ಇರಬಹುದೆಂದೂ, ಹಬ್ಬಕ್ಕೆ ಊರಿಗೆ ಹೋದಾಗ ಹುಡುಕಿ ನೋಡುವುದಾಗಿಯೂ ಹೇಳಿ, ನನ್ನ ವಿಳಾಸವನ್ನು ಬರೆದುಕೊಂಡರು.