ಓದಿದ್ದು, ತಲೆ ಕೆರೆದುಕೊಂಡಿದ್ದು

ಮಂಚದ ತಲೆದೆಸೆಯಲ್ಲಿ ಪುಸ್ತಕಗಳ ಎರಡು ಗುಡ್ಡೆ. ಎಡಗಡೆ ಮಾಂತ್ರಿಕರು, ಡ್ರ್ಯಾಗನ್‌ಗಳು. ಬಲಗಡೆ ನಡೆದದ್ದನ್ನಷ್ಟೇ ಹೇಳುತ್ತೇವೆ ಎನ್ನುವವು. ಎರಡು ತಿಂಗಳಿಂದ ಒಂದು ಅದು, ಒಂದು ಇದು ಎಂದು ಓದುತ್ತಿದ್ದೇನೆ. ಯಾವುದನ್ನು ನಂಬಬೇಕು ಎಂಬುದೇ ಈಗ ಗೊಂದಲ.

*

ಅರ್ಸುಲಾ ಲೆ ಗ್ವಿನ್ ಅವರ 'ಅರ್ಥ್‌ಸೀ' ಸರಣಿ. ಮೊದಲ ಪುಸ್ತಕ 1968ರದ್ದು. ಅಲ್ಲಿ ಮಂತ್ರವೆಂದರೆ ವಸ್ತುವಿನ ನಿಜವಾದ ಹೆಸರು ತಿಳಿಯುವುದು. ಹೆಸರು ಗೊತ್ತಾದರೆ ಹಿಡಿತ ಸಿಕ್ಕಿದ ಹಾಗೆ. ಅದಕ್ಕೇ ಯಾರೂ ತಮ್ಮ ನಿಜವಾದ ಹೆಸರನ್ನು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಇದನ್ನು ನಂಬಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನಮ್ಮಜ್ಜಿ ಸಾಯುವವರೆಗೂ ಅಜ್ಜನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ "ಯಜಮಾನರ ಹೆಸರೇನಮ್ಮಾ?" ಎಂದರೆ ನನ್ನ ಬೆನ್ನಿಗೆ ತಿವಿದು "ನೀನ್ ಹೇಳೋ" ಅನ್ನುತ್ತಿದ್ದಳು.

ಇನ್ನೊಂದು ಮಾತು. ಆ ಲೋಕದಲ್ಲಿ ಒಂದು ದ್ವೀಪಕ್ಕೆ ಮಂತ್ರ ಹಾಕಿ ಮಳೆ ತರಿಸಿದರೆ ಮತ್ತೊಂದು ದ್ವೀಪಕ್ಕೆ ಬರ ಬರಬಹುದು. ಪುಕ್ಕಟೆ ಮಳೆ ಇಲ್ಲ.

*

ಅದೇ ಸರಣಿಯ ನಾಲ್ಕನೆಯದು 'ತೆಹಾನು', 1990. ಮೂರನೆಯದು ಬಂದು ಹದಿನೆಂಟು ವರ್ಷವಾಗಿತ್ತು. ಮಹಾಮಾಂತ್ರಿಕ ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡು ಬಂದಿದ್ದಾನೆ, ಆಡು ಕಾಯುತ್ತಾನೆ. ಕಥೆ ನಡೆಯುವುದು ಟೆನಾರ್ ಎಂಬ ವಿಧವೆಯ ಅಡುಗೆಮನೆಯ ಆಸುಪಾಸಿನಲ್ಲಿ. ಸಮುದ್ರದಿಂದ ಮನೆಗೆ ಮರಳಿದ ಮಗ ಉಂಡ ತಟ್ಟೆ ತೊಳೆಯಲು ಒಪ್ಪುವುದಿಲ್ಲ, ಅದು ಹೆಂಗಸರ ಕೆಲಸವಂತೆ. ಮೂರು ಪುಸ್ತಕದುದ್ದಕ್ಕೂ ವೀರರು ಉಂಡೆದ್ದರಲ್ಲ, ಆ ತಟ್ಟೆಗಳನ್ನೆಲ್ಲ ತೊಳೆದವರು ಯಾರು? ನನಗೆ ಈ ಪ್ರಶ್ನೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಎಂಬುದು ನಾಚಿಕೆಯ ಸಂಗತಿ.

*

ಜಾರ್ಜ್ ಮಾರ್ಟಿನ್ ಅವರ ಸಿಂಹಾಸನದ ಕಥೆ ಏಳು ಸಂಪುಟವಾಗಬೇಕು. ಐದನೆಯದು 2011ರಲ್ಲಿ ಬಂತು. ಆರನೆಯದಕ್ಕೆ ಕಾಯುವುದು ಓದುಗರಿಗೆ ಒಂದು ವ್ರತವೇ ಆಗಿದೆ. ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ 'ವೀಲ್ ಆಫ್ ಟೈಮ್' ಮುಗಿದಿರಲಿಲ್ಲ. ಅವರ ಟಿಪ್ಪಣಿ ಹಿಡಿದು ಬ್ರ್ಯಾಂಡನ್ ಸ್ಯಾಂಡರ್‌ಸನ್ ಕೊನೆಯ ಮೂರು ಸಂಪುಟ ಬರೆದು, 2013ಕ್ಕೆ ಹದಿನಾಲ್ಕು ಪೂರೈಸಿದರು.

ಅರ್ಧಕ್ಕೆ ನಿಂತಿತು ಎಂದು ನಾನೂ ಗೊಣಗಿದೆ. ಆಮೇಲೆ ನೆನಪಾಯಿತು, ನಮ್ಮ ಗದುಗಿನ ನಾರಣಪ್ಪನೂ ಭಾರತವನ್ನು ಹತ್ತು ಪರ್ವಕ್ಕೇ ನಿಲ್ಲಿಸಿದವನು. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಗಮಕದ ಸಭೆಗಳಲ್ಲಿ ಕೂತು ಎದ್ದಿದ್ದೇನೆ, ತಿಮ್ಮಣ್ಣನ ಒಂದು ಪದ್ಯವೂ ನನ್ನ ಕಿವಿಗೆ ಬಿದ್ದಿಲ್ಲ. ಕೊರತೆ ಎಂದೂ ಅನ್ನಿಸಿಲ್ಲ. ಹಾಗಾದರೆ ನಮಗೆ ಬೇಕಾದದ್ದು ಮುಕ್ತಾಯ ಹೌದೋ ಅಲ್ಲವೋ?

*

ಬಲಗಡೆಯ ಗುಡ್ಡೆ. ಜಾನ್ ಕೀ ಅವರ 'ದಿ ಗ್ರೇಟ್ ಆರ್ಕ್'. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಭಾರತವನ್ನು ತ್ರಿಕೋನ ತ್ರಿಕೋನವಾಗಿ ಅಳೆಯಲು ಹೊರಟ ಕಥೆ. ಕೋನ ಅಳೆಯುವ ಅವನ ಉಪಕರಣ ಥಿಯೊಡೊಲೈಟ್ ಅರ್ಧ ಟನ್ ತೂಕದ್ದು. ಲಂಡನ್ನಿನಿಂದ ಬರುವಾಗ ಫ್ರೆಂಚರು ಹಡಗು ಹಿಡಿದು ಅದನ್ನು ಮಾರಿಷಸ್‌ಗೆ ಒಯ್ದರು, ಆಮೇಲೆ ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟರು! 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಮೇಲಕ್ಕೆ ಎಳೆಯುವಾಗ ಹಗ್ಗ ಕಿತ್ತು, ಗೋಪುರಕ್ಕೆ ಬಡಿದು, ಅದರ ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ಆರು ವಾರ ತಿದ್ದಿ ಸರಿಮಾಡಿದ. ಯಾವ ಮಾಂತ್ರಿಕನ ದಂಡಕ್ಕೂ ಇಷ್ಟು ಗ್ರಹಚಾರ ಬಂದದ್ದನ್ನು ನಾನು ಓದಿಲ್ಲ.

ಅದಕ್ಕೂ ಮೊದಲು, 1800ರಲ್ಲಿ, ಅವನು ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯೊಂದನ್ನು ನೂರಡಿಯ ಉಕ್ಕಿನ ಸರಪಳಿಯಿಂದ ಅಳೆದಿದ್ದ. ಕಡಿಮೆಯೆಂದರೂ 370 ಸಲ ಹಾಸಿ ಎತ್ತಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಸರಪಳಿಯ ಪಕ್ಕದಲ್ಲಿ ಥರ್ಮಾಮೀಟರ್ ಬೇರೆ. ಇಂದಿನ ಟ್ರಾಫಿಕ್ಕಿನಲ್ಲಿ ನಿಂತು ಇದನ್ನು ನೆನೆದರೆ ಡ್ರ್ಯಾಗನ್ನೇ ವಾಸಿ, ನಂಬಬಹುದು ಅನ್ನಿಸುತ್ತದೆ.

*

ಯುವಾಲ್ ನೋವಾ ಹರಾರಿಯವರ 'ಸೇಪಿಯನ್ಸ್'. ಮನುಷ್ಯ ಗೋಧಿಯನ್ನು ಪಳಗಿಸಲಿಲ್ಲ, ಗೋಧಿಯೇ ಮನುಷ್ಯನನ್ನು ಪಳಗಿಸಿತು ಎಂಬ ವಾದ ಅದರಲ್ಲಿದೆ. ಓದುವಾಗ ಹೌದೌದು ಎಂದು ತಲೆದೂಗಿದೆ. ಪುಸ್ತಕ ಮುಚ್ಚಿ ಕಾಫಿ ಕುಡಿಯುವ ಹೊತ್ತಿಗೆ ಅನುಮಾನ: ಇಷ್ಟು ದೊಡ್ಡ ಮಾತು ಇಷ್ಟು ಸಲೀಸಾಗಿ ಬಂದದ್ದು ಹೇಗೆ? ಸಾವಿರಾರು ವರ್ಷ ಒಂದು ಪ್ಯಾರಾದಲ್ಲಿ ದಾಟಿಹೋಗುತ್ತವೆ. ಎಲ್ಲೂ ಹಗ್ಗ ಕೀಳುವುದಿಲ್ಲ, ಯಾರೂ ಆರು ವಾರ ಡೇರೆಯಲ್ಲಿ ಕೂರುವುದಿಲ್ಲ.

*

ಗೊಂದಲ ಇಲ್ಲಿ ಸ್ವಲ್ಪ ತಿಳಿಯಾಯಿತು. ನಾನು ನಂಬುತ್ತಿದ್ದದ್ದು ಸುಳ್ಳನ್ನೂ ಅಲ್ಲ, ನಿಜವನ್ನೂ ಅಲ್ಲ, ಖರ್ಚನ್ನು. ಮಳೆಗೆ ಬರದ ಬೆಲೆ, ಊಟಕ್ಕೆ ತಟ್ಟೆ ತೊಳೆಯುವ ಬೆಲೆ, ಏಳು ಮೈಲಿಗೆ 370 ಸಲ ಬಗ್ಗಿ ಏಳುವ ಬೆಲೆ. ಖರ್ಚು ಬರೆದಿಟ್ಟ ಪುಸ್ತಕವನ್ನು ನಂಬಿದೆ, ಬರೀ ಲಾಭ ತೋರಿಸಿದ್ದರ ಮೇಲೆ ಅನುಮಾನಪಟ್ಟೆ.

ಗುಡ್ಡೆಗಳನ್ನು ಹೊಸದಾಗಿ ಜೋಡಿಸಿದ್ದೇನೆ. 'ತೆಹಾನು' ಮತ್ತು 'ದಿ ಗ್ರೇಟ್ ಆರ್ಕ್' ಈಗ ಒಂದೇ ಕಡೆ ಇವೆ. ಯಾವುದರಿಂದ ಶುರುಮಾಡಲಿ ಎಂದು ಕೇಳುವವರಿಗೆ: ಲ್ಯಾಂಬ್ಟನ್ನನ ಕಥೆಯನ್ನು ನಾಳೆಯೇ ಹಿಡಿಯಿರಿ. 'ತೆಹಾನು' ಮಾತ್ರ ಮೊದಲ ಮೂರನ್ನು ಓದದೆ ಮುಟ್ಟಬೇಡಿ.