ಬಾಗಿಲು ತೆರೆದಿಡಬೇಕೆ?

ಗೂಗಲ್ ಟಾಕ್ ಎಂಬುದೊಂದು ಇತ್ತು. ನಿಮ್ಮಲ್ಲಿ ಹಲವರಿಗೆ ಅದರ ನೆನಪಿರಬೇಕು. 2005ರಲ್ಲಿ ಅದು ಬಂದಾಗ ನೀವು ಕೆಲವರು ಬೆಂಗಳೂರಿನಲ್ಲೂ ಕೆಲವರು ಅಮೆರಿಕದಲ್ಲೂ ನೌಕರಿಗೆ ಸೇರಿದ್ದಿರಿ. ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಕಂಡೊಡನೆ ‘ಮೇಷ್ಟ್ರೇ, ಊಟ ಆಯಿತೇ?’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದಿರಿ. (ಅದನ್ನು ಬಿಡಿಸಿ ಓದುವುದು ಹಳಗನ್ನಡಕ್ಕಿಂತ ಕಷ್ಟವಾಗಿತ್ತೆಂಬುದು ಬೇರೆ ಮಾತು.)

ಆ ಸಂಭಾಷಣೆಯೆಲ್ಲ ನಡೆಯುತ್ತಿದ್ದುದು ಎಕ್ಸ್‌ಎಂಪಿಪಿ ಎಂಬ ಮುಕ್ತ ನಿಯಮಾವಳಿಯ ಮೇಲೆ. ಅದು ಗೂಗಲ್ಲಿನ ಆಸ್ತಿಯಲ್ಲ. 2006ರ ಜನವರಿಯಲ್ಲಿ ಗೂಗಲ್ ತನ್ನ ಬಾಗಿಲನ್ನು ಹೊರಗಿನ ಸರ್ವರ್‌ಗಳಿಗೂ ತೆರೆಯಿತು. ಅಂಚೆಯಂತೆಯೇ, ಯಾವ ಊರಿನ ಪೆಟ್ಟಿಗೆಗೆ ಹಾಕಿದರೂ ಕಾಗದ ತಲುಪುತ್ತಿತ್ತು. ಸಣ್ಣ ಸರ್ವರ್ ನಡೆಸುವವರು ಹಿಗ್ಗಿದರು. 2013ರಲ್ಲಿ ಹ್ಯಾಂಗ್‌ಔಟ್ಸ್ ಬಂತು. ಅದರಲ್ಲಿ ಆ ಬಾಗಿಲೇ ಇರಲಿಲ್ಲ. ನಿಯಮಾವಳಿಗೆ ಯಾರೂ ಕೈಹಚ್ಚಲಿಲ್ಲ, ಯಾವ ಕಾನೂನೂ ಮುರಿಯಲಿಲ್ಲ. ಆದರೆ ಹೊರಗಿದ್ದವರ ಬಂಧುಮಿತ್ರರಲ್ಲಿ ಬಹುಪಾಲು ಜನ ಒಳಗೆ ಉಳಿದುಬಿಟ್ಟಿದ್ದರು.

ಈ ಹಳೆಯ ಕಥೆ ನೆನಪಾದುದಕ್ಕೆ ಕಾರಣ, ಮೂವರು ಗೆಳೆಯರೊಡನೆ ಪುಟ್ಟ ಮಾಸ್ಟಡಾನ್ ಸರ್ವರ್ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಮಾಸ್ಟಡಾನ್ ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ತಂತ್ರಾಂಶ. ಇದರಲ್ಲಿ ಒಡೆಯನೊಬ್ಬನಿಲ್ಲ, ಸಾವಿರಾರು ಸಣ್ಣ ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ ಸಾಮಾನ್ಯ ಭಾಷೆಯಲ್ಲಿ ಪರಸ್ಪರ ಮಾತಾಡಿಕೊಳ್ಳುತ್ತವೆ. 2023ರ ಜುಲೈನಲ್ಲಿ ಫೇಸ್‌ಬುಕ್ಕಿನ ಒಡೆತನ ಹೊಂದಿರುವ ಮೆಟಾ ಸಂಸ್ಥೆ ಥ್ರೆಡ್ಸ್ ಆರಂಭಿಸಿತು. ಐದೇ ದಿನಗಳಲ್ಲಿ ಹತ್ತು ಕೋಟಿ ಜನ ಸೇರಿದರು. ತಾನೂ ಅದೇ ಭಾಷೆಯನ್ನಾಡುವೆನೆಂದು ಅದು ಘೋಷಿಸಿ, ಡಿಸೆಂಬರಿನಲ್ಲಿ ಪ್ರಯೋಗ ತೊಡಗಿತು. ನೂರಾರು ಸರ್ವರ್‌ಗಳ ನಿರ್ವಾಹಕರು ‘ನಮ್ಮಲ್ಲಿಗೆ ಪ್ರವೇಶವಿಲ್ಲ’ ಎಂದು ಒಪ್ಪಂದ ಮಾಡಿಕೊಂಡರು. ‘ಮೇಷ್ಟ್ರೇ, ತೆರೆಯೋಣ ಎನ್ನುವವರು ಇಬ್ಬರು, ಮುಚ್ಚೋಣ ಎನ್ನುವವರು ಇಬ್ಬರು’ ಎಂದು ನನ್ನ ಶಿಷ್ಯ ಪೇಚಾಡುತ್ತಿದ್ದಾನೆ.

ರೋಚ್ಕೊ ಮುಚ್ಚುವ ಪಕ್ಷದವರಲ್ಲ. ದೊಡ್ಡವರು ಬಂದುದು ನಮ್ಮ ದಾರಿಗೆ ಸಂದ ಮನ್ನಣೆ. ನಾಳೆ ಬಿಟ್ಟುಹೋದರೂ ನಾವು ಇಂದು ಇರುವಲ್ಲಿಯೇ ಇರುತ್ತೇವೆ ಎಂಬುದು ಅವರ ವಾದ. ಮೊದಲರ್ಧವನ್ನು ಒಪ್ಪುತ್ತೇನೆ. ಎರಡನೆಯದಕ್ಕೆ ನನ್ನ ತಕರಾರಿದೆ. ಹಳ್ಳಿಗೆ ಖಾಸಗಿ ಶಾಲೆಯ ಬಸ್ಸು ಬರತೊಡಗಿದ ಮೇಲೆ ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ಸೊರಗಿದುದನ್ನು ಕಣ್ಣಾರೆ ಕಂಡವನು ನಾನು. ಬಸ್ಸು ನಿಂತ ಮರುದಿನ ಮಕ್ಕಳು ಹಿಂದಿರುಗುವುದಿಲ್ಲ; ಅಷ್ಟರಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ, ಮೇಷ್ಟರಿಗೆ ವರ್ಗವಾಗಿರುತ್ತದೆ.

ಹಾಗೆಂದು ಮುಚ್ಚಿಬಿಡು ಎನ್ನಲೂ ಮನಸ್ಸೊಪ್ಪದು. ಥ್ರೆಡ್ಸ್‌ನಲ್ಲಿರುವ ಅಕ್ಕನ ಮಾತನ್ನು ತಮ್ಮ ತನ್ನ ಪುಟ್ಟ ಸರ್ವರ್‌ನಿಂದಲೇ ಓದಬಹುದಾದರೆ ಅವನು ಮನೆ ಬಿಡಬೇಕಾಗಿಯೇ ಇಲ್ಲವಲ್ಲ! ತೆರೆದ ಬಾಗಿಲು ಜನರನ್ನು ಉಳಿಸಿಕೊಳ್ಳಲೂಬಹುದು. ಇದಲ್ಲದೆ ಮಾಸ್ಟಡಾನ್‌ನಲ್ಲಿ ಸರ್ವರಿನ ಪರವಾಗಿ ಯಾರೂ ತೀರ್ಮಾನಿಸದಿದ್ದರೂ, ಬೇಡವಾದ ಸರ್ವರನ್ನು ಬಳಕೆದಾರನೇ ತನ್ನ ಮಟ್ಟಿಗೆ ತಡೆದುಕೊಳ್ಳಬಹುದು. ನನ್ನ ಒಲವು ಇತ್ತಲೇ: ಬಾಗಿಲು ತೆರೆದಿರಲಿ, ಆದರೆ ಹೊಸದಾಗಿ ಬರುವವರಿಗೆ ‘ಥ್ರೆಡ್ಸ್ ಸೇರಿದರೂ ಒಂದೇ, ಇಲ್ಲಿದ್ದರೂ ಒಂದೇ’ ಎಂದು ಮಾತ್ರ ಹೇಳಕೂಡದು.

ಗೂಗಲ್ ಟಾಕ್, ಹ್ಯಾಂಗ್‌ಔಟ್ಸ್ ಎರಡೂ 2022ರಲ್ಲಿ ಮುಚ್ಚಿದವು. ಎಕ್ಸ್‌ಎಂಪಿಪಿ ಇಂದಿಗೂ ಬಳಕೆಯಲ್ಲಿದೆ, ತೆಳ್ಳನೆಯ ಹಾಜರಿ ಪುಸ್ತಕದೊಡನೆ.