ಆ ಬಿರುಕಿಗೆ ಬೆಸುಗೆ ಬೇಡ

ಪ್ರೀತಿಯ ಗೆಳೆಯರೇ,

ನೀವು ಟೆಕ್ಸಾಸಿನಿಂದ ಕಳಿಸಿದ ಫೋಟೊಗಳನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿ ಮಾಡಿ ನೋಡಿದೆ. ವಾಲ್ಥರ್ ಪಿ1, ಒಂದು ಕಾಲಕ್ಕೆ ಪಶ್ಚಿಮ ಜರ್ಮನಿಯ ಸೈನಿಕರ ಸೊಂಟದಲ್ಲಿದ್ದ ಪಿಸ್ತೂಲು. ಅದರ ಅಲ್ಯೂಮಿನಿಯಂ ಫ್ರೇಮಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ. "ಇಷ್ಟು ವರ್ಷ ಆರ್ಗಾನ್ ವೆಲ್ಡಿಂಗ್ ಮಾಡಿದವರು ನೀವು, ಇದಕ್ಕೊಂದು ಟಾಕು ಹಾಕಿಸಬಹುದಾ ಹೇಳಿ" ಎಂದು ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ಹಾಕಿಸಬೇಡಿ. ಆ ಪಿಸ್ತೂಲಿನ ಮೇಲೆ ನಿಮಗಿರುವ ಅಕ್ಕರೆ ಕಾಗದದಲ್ಲೇ ಕಾಣುತ್ತದೆ, ಹಾಗಾಗಿ ಕಾರಣವನ್ನೂ ಬರೆಯಬೇಕು.

ಪೀಣ್ಯದ ನಮ್ಮ ಶೆಡ್ಡಿಗೆ ಒಡೆದ ಬೈಕಿನ ಕ್ರ್ಯಾಂಕ್‌ಕೇಸುಗಳು ಬರುತ್ತಿದ್ದವು. ತೊಳೆದು, ಉಜ್ಜಿ, ಬಿರುಕನ್ನು ಗ್ರೈಂಡರಿನಿಂದ ಕೆತ್ತಿ, ಟಾರ್ಚ್ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ಉಕ್ಕಿನ ಹಾಗೆ ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ಬಿಸಿಯಾಗುತ್ತಾ ಇದ್ದದ್ದು ಇದ್ದಕ್ಕಿದ್ದಂತೆ ಪಾದರಸದ ಹಾಗೆ ಮಿನುಗುತ್ತದೆ, ಆ ಕ್ಷಣ ಕೈ ತಡವಾದರೆ ತೂತು ಬಿದ್ದಂತೆಯೇ. ಒಳಗಿನ ಲೋಹ ಸುಮಾರು 660 ಡಿಗ್ರಿಗೆ ಕರಗಿದರೆ ಮೇಲಿನ ಆಕ್ಸೈಡ್ ಪೊರೆ 2,000 ಡಿಗ್ರಿ ದಾಟಿದರೂ ಹಿಡಿದುಕೊಂಡಿರುತ್ತದೆ, ಅದಕ್ಕೇ ಈ ಕಷ್ಟ. ಆದರೂ ಕ್ರ್ಯಾಂಕ್‌ಕೇಸು ನಮ್ಮ ಮಾತು ಕೇಳುತ್ತದೆ. ಅದು ಸಿಲಿಕಾನ್ ಬೆರೆತ ಎರಕದ ಲೋಹ. ಬೆಸುಗೆ ಸೋತರೂ ಎಣ್ಣೆ ಜಿನುಗುತ್ತದೆ, ಅಷ್ಟೆ.

ಪಿಸ್ತೂಲಿನ ಕಥೆ ಬೇರೆ. ಜರ್ಮನಿಯ ಲೋಹತಜ್ಞ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಒಂದು ವಿಚಿತ್ರ ಕಂಡರು. ತಾಮ್ರ, ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಮ್ಮನ್ನು ಕಾಸಿ ತಟ್ಟನೆ ತಣಿಸಿಟ್ಟರೆ, ಅದು ಇಟ್ಟಲ್ಲೇ ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತಿತ್ತು. ಗಟ್ಟಿ ಅಲ್ಯೂಮಿನಿಯಂ ಎಂದು ನಾವು ಕರೆಯುವ ಹೆಚ್ಚಿನದಕ್ಕೆ ಬಲ ಬಂದಿರುವುದು ಬಿಸಿ, ತಂಪು ಮತ್ತು ಕಾಲ ಸೇರಿ ಮಾಡಿದ ಈ ಪಾಕದಿಂದ. ಟಾರ್ಚ್ ತಾಗಿದ ಕಡೆ ಆ ಪಾಕ ಕೆಡುತ್ತದೆ. 6061-ಟಿ6 ಎಂಬ ಸಾಮಾನ್ಯ ದರ್ಜೆಯದ್ದು ಸುಮಾರು 310 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆ; ವೆಲ್ಡ್ ಮಾಡಿದ ಮೇಲೆ ಜೋಡಣೆಗೆ ಲೆಕ್ಕ ಹಿಡಿಯುವುದು 165ರ ಆಸುಪಾಸು. ಅಮೆರಿಕದ ಎಆರ್-15 ರೈಫಲ್ಲಿನ ರಿಸೀವರುಗಳಿಗೆ ಬಳಸುವ 7075 ಇನ್ನೂ ಹಟಮಾರಿ. ಮಾಮೂಲಿ ಆರ್ಗಾನ್ ಬೆಸುಗೆಯಲ್ಲಿ ಅದು ಆರುವಾಗಲೇ ಸೀಳುತ್ತದೆ. ಮತ್ತೆ ಹೀಟ್ ಟ್ರೀಟ್‌ಮೆಂಟ್ ಮಾಡಿಸೋಣ ಎಂದರೆ 6061ನ್ನು 530 ಡಿಗ್ರಿಗೆ ಕಾಸಿ ನೀರಿಗೆ ಅದ್ದಬೇಕು. ಅಷ್ಟು ತೆಳು ಫ್ರೇಮು ಸೊಟ್ಟಗಾದರೆ ಸ್ಲೈಡು ಓಡುವ ಹಳಿಗಳೇ ಸರಿಹೊಂದುವುದಿಲ್ಲ. ಮೇಲಾಗಿ ನಿಮ್ಮ ಫ್ರೇಮು ಯಾವ ಮಿಶ್ರಲೋಹದ್ದೆಂದು ಅದರ ಮೈಮೇಲೆ ಬರೆದಿಲ್ಲ.

ಪಾಕ ಕೆಡದ ಅಲ್ಯೂಮಿನಿಯಮ್ಮೇ ಆ ಜಾಗದಲ್ಲಿ ಸೋತಿತ್ತು ಎಂಬುದಕ್ಕೆ ನಿಮ್ಮ ಪಿ1ರ ಚರಿತ್ರೆಯೇ ಸಾಕ್ಷಿ. ಇದರ ಪೂರ್ವಜ, ಎರಡನೇ ಮಹಾಯುದ್ಧ ಕಾಲದ ಪಿ38ಕ್ಕೆ ಉಕ್ಕಿನ ಫ್ರೇಮಿತ್ತು. 1957ರಲ್ಲಿ ಹೊಸ ಜರ್ಮನ್ ಸೈನ್ಯ ಅದನ್ನೇ ಮತ್ತೆ ತೆಗೆದುಕೊಂಡಾಗ ತೂಕ ಇಳಿಸಲು ಅಲ್ಯೂಮಿನಿಯಂ ಹಾಕಿದರು. 1963ರಲ್ಲಿ ಹೆಸರು ಪಿ1 ಆಯಿತು. ಪ್ರತಿ ಗುಂಡಿಗೂ ಒಳಗಿನ ಲಾಕಿಂಗ್ ಬ್ಲಾಕು ಫ್ರೇಮಿಗೆ ಬಡಿಯುತ್ತದೆ, ಬಡಿದಲ್ಲಿ ಬಿರುಕು. ಎಷ್ಟೇ ಸಣ್ಣ ಪೆಟ್ಟಾದರೂ ಅಲ್ಯೂಮಿನಿಯಂ ಲೆಕ್ಕ ಇಟ್ಟುಕೊಳ್ಳುತ್ತದೆ, ಈ ವಿಷಯದಲ್ಲಿ ಅದು ಉಕ್ಕಿನಷ್ಟು ಸಹನೆಯದ್ದಲ್ಲ. ಜರ್ಮನರು 1970ರ ದಶಕದ ನಡುವೆ ಕಂಡುಕೊಂಡ ಪರಿಹಾರ ಫ್ರೇಮಿಗೆ ಅಡ್ಡಲಾಗಿ ಕೂರಿಸಿದ ಆರು ಮೂಲೆಯ ಉಕ್ಕಿನ ಪಿನ್ನು. ಪೆಟ್ಟನ್ನು ಉಕ್ಕೇ ತಿನ್ನಲಿ ಎಂದು ಮಾಡಿದ್ದು. ಫೋಟೊದಲ್ಲಿ ನೋಡಿದರೆ ನಿಮ್ಮದರಲ್ಲಿ ಆ ಪಿನ್ನಿಲ್ಲ.

ಎಲ್ಲ ಬಿರುಕೂ ಒಂದೇ ಅಲ್ಲ, ಇದನ್ನೂ ಹೇಳಬೇಕು. ಟ್ರಿಗರ್ ಗಾರ್ಡಿನಂಥ ಭಾರ ಹೊರದ ಕಡೆ ಬಿರುಕಿದ್ದರೆ, ಲೈಸೆನ್ಸ್ ಇರುವ ಕುಶಲಿಗ ಬೆಸೆದುಕೊಡಬಹುದು. ಕೋಲ್ಟ್ ಡೆಲ್ಟಾ ಎಲೀಟ್ ಎಂಬ ಉಕ್ಕಿನ ಪಿಸ್ತೂಲಿನಲ್ಲಿ ಸ್ಲೈಡ್ ಸ್ಟಾಪಿನ ಮೇಲಿನ ತೆಳು ಪಟ್ಟಿ ಬಿರಿಯುತ್ತಿತ್ತು. ಕಂಪನಿ ಆ ತುಂಡನ್ನೇ ಕತ್ತರಿಸಿ ತೆಗೆದುಬಿಟ್ಟಿತು. ನಿಮ್ಮ ಗೆರೆ ಇರುವುದು ಮಾತ್ರ ಬ್ಲಾಕು ಬಡಿಯುವ ಜಾಗದಲ್ಲೇ.

ಗೆರೆ ನಿಜವಾಗಿ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಬೇಕಿದ್ದರೆ ಡೈ ಟೆಸ್ಟ್ ಮಾಡಿಸಿ. ಕೆಂಪು ಬಣ್ಣ ಹಚ್ಚಿ, ಇಂಗಲು ಬಿಟ್ಟು, ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಆ ಬಿಳುಪಿನ ಮೇಲೆ ಕೆಂಪು ಎಳೆ ಮೂಡುತ್ತದೆ. ಕಣ್ಣಿಗೆ ಕಂಡಿದ್ದಕ್ಕಿಂತ ಅದು ಉದ್ದವಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಮೆರಿಕದ ಕಾನೂನಿನಲ್ಲಿ ಫ್ರೇಮೇ ಬಂದೂಕು, ಸೀರಿಯಲ್ ನಂಬರ್ ಇರುವುದೂ ಅದರ ಮೇಲೇ. ಹಾಗಾಗಿ ಅದನ್ನು ಬದಲಿಸುವುದು ನಿಮಗೆ ರಗಳೆ ಅನ್ನಿಸಿ ವೆಲ್ಡಿಂಗ್ ಕಡೆ ಮನಸ್ಸು ವಾಲಿದೆ. ರಗಳೆಯಾದರೂ ಆಗಲಿ, ಲೈಸೆನ್ಸ್ ಇರುವ ಅಂಗಡಿಯ ಮೂಲಕ ಪಿನ್ನಿರುವ ಫ್ರೇಮು ಹುಡುಕಿ. ಸಿಗದಿದ್ದರೆ ಈ ಪಿ1ನ್ನು ಗಾಜಿನ ಕಪಾಟಿನಲ್ಲಿಡಿ. ಇಲ್ಲಿ ಭಾರತದಲ್ಲೂ ರಗಳೆ ಕಡಿಮೆಯಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು, ಗ್ಯಾರೇಜಿನ ವೆಲ್ಡರ್ ಮುಟ್ಟುವಂತಿಲ್ಲ.

ಒಂಬತ್ತು ಎಂಎಂ ತೋಟೆಗೆ 2,350 ಬಾರ್‌ವರೆಗೆ ಒತ್ತಡ ಇರಬಹುದು. ಅದು ಸಿಡಿಯುವುದು ನಿಮ್ಮ ಮುಖದಿಂದ ಒಂದೆರಡು ಅಡಿ ದೂರದಲ್ಲಿ. ದಯವಿಟ್ಟು ಇನ್ನೊಂದು ಗುಂಡೂ ಅದರಿಂದ ಹಾರಿಸಬೇಡಿ. ಡೈ ಟೆಸ್ಟ್ ಆದ ಮೇಲೆ ಫೋಟೊ ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಹಳೆಯ ಗೆಳೆಯ